ಗಾಜು ಎಣಿಸಿ ಕಿಟಕಿ ಕೊಳ್ಳಬೇಡಿ

ಚಳಿ ಪ್ರದೇಶದಲ್ಲಿ ಹಳೇ ಕಿಟಕಿ ತೆಗೆಸಿ ಹೊಸದು ಹಾಕಿಸಲು ಹೊರಟವರು ಮೊದಲು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: ಎರಡು ಗಾಜಿನದು ಸಾಕಾ, ಮೂರು ಗಾಜಿನದೇ ಬೇಕಾ? ಕೇಳಬೇಕಾದ್ದೇ. ಆದರೆ ಅಲ್ಲಿಂದಲೇ ಶುರು ಮಾಡಿದರೆ ದುಡ್ಡು ಹೋಗಿ ಚಳಿ ಉಳಿಯುವ ಸಾಧ್ಯತೆ ಜಾಸ್ತಿ.

ಗಾಜಿಗೆ ಶಾಖ ತಡೆಯುವ ಗುಣ ಅಷ್ಟಾಗಿ ಇಲ್ಲ. ಆ ಕೆಲಸ ಮಾಡುವುದು ಎರಡು ಗಾಜುಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದೆ ನಿಂತ ಗಾಳಿಯಲ್ಲಿ ಶಾಖ ಹರಿಯುವುದು ಗಾಜಿನಲ್ಲಿ ಹರಿಯುವುದರ ಸುಮಾರು 40ರಲ್ಲಿ ಒಂದು ಪಾಲು ಮಾತ್ರ. ಆದರೆ ಅದು ಅಲುಗಾಡಬಾರದು. ನಡುವಿನ ಜಾಗ ಅಗಲವಾದರೆ ಒಳಗಿನ ಗಾಜಿನ ಹತ್ತಿರ ಬೆಚ್ಚಗಾದ ಗಾಳಿ ಮೇಲೇರುತ್ತದೆ, ಹೊರಗಿನ ಗಾಜಿನ ಹತ್ತಿರ ತಣ್ಣಗಾಗಿ ಕೆಳಗಿಳಿಯುತ್ತದೆ. ಹೀಗೆ ಸುತ್ತು ಹೊಡೆಯುತ್ತಾ ಶಾಖವನ್ನು ಆಚೆ ಸಾಗಿಸುತ್ತದೆ. ಅದಕ್ಕೇ ಈ ಅಂತರವನ್ನು 12ರಿಂದ 16 ಮಿ.ಮೀ. ಆಸುಪಾಸಿನಲ್ಲಿ ಇಡುತ್ತಾರೆ. ಅಲ್ಲಿ ಆರ್ಗಾನ್ ತುಂಬಿದರೆ ಇನ್ನೂ ವಾಸಿ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ ಸುಮಾರು ಒಂದು ಪಾಲು ಇರುವ ಅನಿಲ ಅದು, ಅಪಾಯವೇನೂ ಇಲ್ಲ.

ಶಾಖ ತಪ್ಪಿಸಿಕೊಳ್ಳಲು ಇನ್ನೊಂದು ದಾರಿ ಇದೆ, ಅದೇ ದೊಡ್ಡದು. ಗೋಡೆ, ಮೇಜು, ನಮ್ಮ ಮೈ ಎಲ್ಲವೂ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಸೂಸುತ್ತಲೇ ಇರುತ್ತವೆ. ಒಳಗಿನ ಗಾಜು ಅದನ್ನು ಹೀರಿಕೊಂಡು ಹೊರಗಿನ ಗಾಜಿನ ಕಡೆಗೆ ಸೂಸುತ್ತದೆ. ಸಾದಾ ಗಾಜುಗಳ ನಡುವಿನ ಜಾಗ ದಾಟುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಹೀಗೆ. ಇದಕ್ಕೆ ಮದ್ದು ಲೋ-ಇ ಲೇಪ. ಗಾಜಿನ ಒಂದು ಮುಖದ ಮೇಲೆ ಸುಮಾರು 10 ನ್ಯಾನೋಮೀಟರ್ ದಪ್ಪದ ಬೆಳ್ಳಿ, ಅಷ್ಟೇ. ಬೆಳಕನ್ನು ಒಳಗೆ ಬಿಡುತ್ತದೆ, ಕೋಣೆಯ ಶಾಖವನ್ನು ವಾಪಸ್ ಕಳಿಸುತ್ತದೆ.

ಲೇಪ ಇದೆಯೋ ಇಲ್ಲವೋ ನೀವೇ ನೋಡಬಹುದು. ಕತ್ತಲಾದ ಮೇಲೆ ಕಿಟಕಿ ಮುಂದೆ ಮೇಣದಬತ್ತಿ ಹಿಡಿದು ಸ್ವಲ್ಪ ಓರೆಯಾಗಿ ನೋಡಿ. ಎರಡು ಗಾಜಿಗೆ ನಾಲ್ಕು ಮುಖ, ಹಾಗಾಗಿ ನಾಲ್ಕು ಜ್ವಾಲೆ ಕಾಣುತ್ತವೆ. ಅದರಲ್ಲಿ ಒಂದರ ಬಣ್ಣ ಮಾತ್ರ ಬೇರೆ ಇರಬೇಕು. ನಾಲ್ಕೂ ಒಂದೇ ಥರ ಇದ್ದರೆ ಮಾರಿದವರನ್ನು ವಿಚಾರಿಸಿ.

ಇದನ್ನೆಲ್ಲ ಒಟ್ಟಿಗೆ ಅಳೆಯುವುದು ಯು-ವ್ಯಾಲ್ಯೂ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಶಾಖ ಹೋಗುತ್ತದೆ ಅನ್ನುವ ಲೆಕ್ಕ. ಕಮ್ಮಿ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ ಇದು ಸುಮಾರು 5.7, ಸಾದಾ ಜೋಡಿ ಗಾಜಿಗೆ 2.8, ಲೇಪ ಮತ್ತು ಆರ್ಗಾನ್ ಇರುವ ಜೋಡಿಗೆ 1.1, ಅದೇ ರೀತಿಯ ಮೂರು ಗಾಜಿಗೆ 0.6. ಮೂರನೇ ಗಾಜಿನಿಂದ ಸಿಗುವುದಕ್ಕಿಂತ ಲೇಪದಿಂದಲೇ ಸಿಗುವುದು ಜಾಸ್ತಿ, ಅಲ್ವಾ?

ಹೊರಗೆ ಮೈನಸ್ 10, ಒಳಗೆ 20 ಡಿಗ್ರಿ ಅಂದುಕೊಳ್ಳಿ. ಆಗ ಒಂಟಿ ಗಾಜಿನ ಒಳಮೈ ಮೈನಸ್ 2 ಡಿಗ್ರಿಗೆ ಇಳಿದಿರುತ್ತದೆ, ಸಾದಾ ಜೋಡಿಯದು 9, ಲೇಪ ಇದ್ದರೆ 16ರ ಹತ್ತಿರ. ಕೋಣೆಯ ಗಾಳಿಯಲ್ಲಿ ಶೇ. 50 ತೇವಾಂಶ ಇದ್ದರೆ ಸುಮಾರು 9 ಡಿಗ್ರಿಗೇ ನೀರು ಹನಿಗಟ್ಟುತ್ತದೆ. ಸಾದಾ ಜೋಡಿ ಗಾಜಿನ ಕಿಟಕಿ ಬೆಳಗ್ಗೆ ಒದ್ದೆಯಾಗಿರುವುದು ಇದಕ್ಕೇ.

ಕೆಲವು ಕಡೆ ತೋರಿಸುವ ಯು-ವ್ಯಾಲ್ಯೂ ಗಾಜಿನ ನಟ್ಟನಡುವಿನದು. ಅದು ಚೆನ್ನಾಗೇ ಇರುತ್ತದೆ! ನೀವು ಇಡೀ ಕಿಟಕಿಯದ್ದು ಕೇಳಿ. ಅಲ್ಯುಮಿನಿಯಂ ಫ್ರೇಮಿನೊಳಗೆ ಶಾಖ ತಡೆಯುವ ಪ್ಲಾಸ್ಟಿಕ್ ತುಂಡು ಇಲ್ಲದಿದ್ದರೆ ಗಾಜು ಎಷ್ಟು ಒಳ್ಳೆಯದಿದ್ದರೂ ಫ್ರೇಮಿನಲ್ಲೇ ಶಾಖ ಸೋರಿಹೋಗುತ್ತದೆ. ಮರ, ಯುಪಿವಿಸಿ ಅನ್ನುವ ಗಟ್ಟಿ ಪ್ಲಾಸ್ಟಿಕ್ ಈ ವಿಷಯದಲ್ಲಿ ಎಷ್ಟೋ ಮೇಲು. ಗಾಜುಗಳ ಅಂಚಿನಲ್ಲಿರುವ ಸ್ಪೇಸರ್ ಪಟ್ಟಿಯೂ ಅಲ್ಯುಮಿನಿಯಂ ಆಗಿದ್ದರೆ ಮೊದಲ ಹನಿಗಳು ಕೂರುವುದು ಅಲ್ಲೇ, ಕೆಳಗಿನ ಅಂಚಿನಲ್ಲಿ.

ಎಳೆದು ಸರಿಸುವ ಕಿಟಕಿಗಿಂತ ಬಾಗಿಲಿನಂತೆ ತೆರೆಯುವ ಕಿಟಕಿಯೇ ಚಳಿಗೆ ವಾಸಿ. ಚಿಲಕ ಹಾಕಿದಾಗ ರಬ್ಬರನ್ನು ಬಿಗಿಯಾಗಿ ಒತ್ತಿ ಹಿಡಿಯುತ್ತದೆ. ಗೋಡೆಗೂ ಫ್ರೇಮಿಗೂ ನಡುವಿನ ಸಂದನ್ನು ಸುಮ್ನೆ ಫೋಮ್ ತುಂಬಿ ಬಿಟ್ಟರೆ ಸಾಲದು. ಒಳಗಡೆ ಗಾಳಿ ನುಸುಳದಂತೆ, ಹೊರಗಡೆ ಮಳೆನೀರು ಇಳಿಯದಂತೆ ಮುಚ್ಚಬೇಕು. ಅಳವಡಿಸುವವರ ಕೈ ಚೆನ್ನಾಗಿಲ್ಲದಿದ್ದರೆ ಮೂರನೇ ಗಾಜಿಗೆ ಕೊಟ್ಟ ದುಡ್ಡು ದಂಡ.

ಹಳೇ ಮರದ ಚೌಕಟ್ಟು ಗಟ್ಟಿಯಾಗಿದ್ದರೆ ಕೀಳಲೇಬೇಕು ಅಂತಿಲ್ಲ. ಸಂದು ಮುಚ್ಚಿಸಿ, ಒಳಗಡೆ ಇನ್ನೊಂದು ಗಾಜು ಕೂರಿಸಿದರೆ ಜೋಡಿ ಗಾಜಿನ ಮಟ್ಟಕ್ಕೆ ಹತ್ತಿರ ಬರುತ್ತದೆ. ಆದರೆ ಜೋಡಿ ಗಾಜಿನ ಕಿಟಕಿಯಲ್ಲಿ ಎರಡು ಗಾಜುಗಳ ನಡುವೆಯೇ ಮಂಜು ಕಟ್ಟಿದರೆ ಸೀಲ್ ಒಡೆದಿದೆ ಎಂದರ್ಥ, ಆ ಗಾಜಿನ ಜೋಡಿ ಬದಲಿಸಬೇಕು. ಇನ್ನು ಹೊಸ ಕಿಟಕಿಯ ಹೊರಮೈಯಲ್ಲಿ ಮುಂಜಾನೆ ಇಬ್ಬನಿ ಕೂತಿದ್ದರೆ ಅದಕ್ಕಾಗಿ ಯಾರ ಮೇಲೂ ಜಗಳ ಬೇಡ. ಮನೆಯ ಶಾಖ ಹೊರಗಿನ ಗಾಜಿಗೆ ತಲುಪುತ್ತಿಲ್ಲ, ಅದಕ್ಕೇ ಅದು ಅಷ್ಟು ತಣ್ಣಗಿದೆ.