ಒಂದು ನೀಲಿ ಇನ್ನೊಂದು ನೀಲಿಯನ್ನು ಸೋಲಿಸಿದ ಕಥೆ

ಫೋನಿನ ಸೆಟ್ಟಿಂಗ್ಸ್ ಒಳಗೆ ಪರದೆಯನ್ನು ಪೂರ್ತಿ ಕಪ್ಪು-ಬಿಳುಪು ಮಾಡುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ, ನೀಲಿ ಲಿಂಕುಗಳಿರುವ ಉದ್ದನೆಯ ಲೇಖನವೊಂದನ್ನು ತೆರೆಯಿರಿ. ಲಿಂಕಿಗೆ ಅಡಿಗೆರೆ ಇಲ್ಲದಿದ್ದರೆ ಅದು ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ. ಬ್ರೌಸರ್ ತಾನಾಗಿಯೇ ಹಚ್ಚುವ ಗಾಢ ನೀಲಿಗೂ ಬಿಳಿ ಹಿನ್ನೆಲೆಗೂ ಹೊಳಪಿನ ಅನುಪಾತ 9:1ಕ್ಕಿಂತ ಜಾಸ್ತಿ, ಹಾಗಾಗಿ ಓದಲು ತೊಂದರೆಯಿಲ್ಲ. ಆದರೆ ಪಕ್ಕದ ಕಪ್ಪು ಅಕ್ಷರಗಳ ಜೊತೆ ಹೋಲಿಸಿದರೆ ಬರೀ 2:1ರ ಆಸುಪಾಸು. ಬಣ್ಣವೊಂದನ್ನೇ ನೆಚ್ಚಿಕೊಂಡ ಲಿಂಕಿಗೆ ಸುತ್ತಲಿನ ಅಕ್ಷರಗಳಿಂದ ಕನಿಷ್ಠ 3:1 ವ್ಯತ್ಯಾಸವಿರಲಿ ಅನ್ನುತ್ತವೆ ವೆಬ್ ಸುಲಭಬಳಕೆಯ ಮಾರ್ಗಸೂಚಿಗಳು. ಆ ಅಡಿಗೆರೆ ಎಷ್ಟು ಕೆಲಸ ಮಾಡುತ್ತಿತ್ತು ಅನ್ನೋದು ಅದನ್ನು ತೆಗೆದಾಗಲೇ ಗೊತ್ತಾಗೋದು.

ಹಾಗಾದರೆ ನೀಲಿಯೇ ಯಾಕೆ? ಟಿಮ್ ಬರ್ನರ್ಸ್-ಲೀ 1990ರಲ್ಲಿ ಬರೆದ ಮೊದಲ ಬ್ರೌಸರ್‌ನಲ್ಲಿ ಲಿಂಕಿನ ಗುರುತು ಅಡಿಗೆರೆ. 1993ರಲ್ಲಿ ಮೊಸಾಯಿಕ್ ಬ್ರೌಸರ್ ಹೊಸ ಲಿಂಕಿಗೆ ನೀಲಿ, ಒಮ್ಮೆ ಒತ್ತಿದ್ದಕ್ಕೆ ನೇರಳೆ ಹಚ್ಚಿತು. ಅಲ್ಲಿಂದ ಅದೇ ರೂಢಿಯಾಯಿತು. ಇದರಲ್ಲಿ ಒಂದು ಲಾಭವೂ ಇತ್ತು. ಕೆಂಪು-ಹಸಿರು ಬೇರೆ ಮಾಡಲಾಗದವರು ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ನೀಲಿ ಚೆನ್ನಾಗಿಯೇ ಕಾಣುತ್ತದೆ. ಉಳಿದದ್ದು ಬರೀ ಅಭ್ಯಾಸ. 2016ರಲ್ಲಿ ಗೂಗಲ್ ತನ್ನ ಹುಡುಕಾಟದ ಪುಟದಲ್ಲಿ ಕೆಲವರಿಗೆ ಕಪ್ಪು ಲಿಂಕು ತೋರಿಸಿ ನೋಡಿತು. ಜನ ಗೊಣಗಿದರು.

ಅದೇ ಗೂಗಲ್ ಹಿಂದೆ, ಯಾವ ಬಣ್ಣದ ಲಿಂಕನ್ನು ಜನ ಹೆಚ್ಚು ಒತ್ತುತ್ತಾರೆ ಅಂತ ನೋಡಲು, 41 ಛಾಯೆಯ ನೀಲಿಗಳನ್ನು ಪರೀಕ್ಷೆಗೆ ಹಚ್ಚಿತ್ತು. ಬೇಸತ್ತ ವಿನ್ಯಾಸಕ ಡಗ್ಲಸ್ ಬೌಮನ್ 2009ರಲ್ಲಿ ಕೆಲಸ ಬಿಡುವಾಗ ಇದನ್ನೂ ಬರೆದು ಹೋದರು. ಜಾಹೀರಾತು ಲಿಂಕಿಗೆ ಸರಿಯಾದ ನೀಲಿ ಸಿಕ್ಕಿದ್ದರಿಂದ ವರ್ಷಕ್ಕೆ 20 ಕೋಟಿ ಡಾಲರ್ ಹೆಚ್ಚು ಬಂತು ಅಂತ ಕಂಪನಿಯ ಹಿರಿಯರೊಬ್ಬರು 2014ರಲ್ಲಿ ಹೇಳಿದರು. ಕೇಳಿದರೆ ತಲೆ ತಿರುಗುತ್ತದೆ, ಅಲ್ವಾ? ಕೋಟಿಗಟ್ಟಲೆ ಜನ ದಿನವೂ ಬರುವ ಕಡೆ ಕೂದಲೆಳೆಯಷ್ಟು ವ್ಯತ್ಯಾಸವೂ ದುಡ್ಡಾಗುತ್ತದೆ. ಆ ನೀಲಿಯನ್ನೇ ತಂದು ನಮ್ಮ ಪುಟಕ್ಕೆ ಬಳಿದರೆ ಏನೂ ಆಗದಿರಬಹುದು.

ಯಾಕೆಂದರೆ ಕಣ್ಣು ಹುಡುಕುವುದು ಗುಂಪಿಗೆ ಸೇರದ ವಸ್ತುವನ್ನು. ಒಂದೇ ತರಹದವುಗಳ ನಡುವೆ ಬೇರೆಯಾಗಿರುವುದು ನೆನಪಿನಲ್ಲಿ ಉಳಿಯುತ್ತದೆ ಅಂತ ಮನೋವಿಜ್ಞಾನಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ 1933ರಲ್ಲೇ ತೋರಿಸಿದ್ದರು. 2011ರಲ್ಲಿ ಪರ್ಫಾರ್ಮಬಲ್ ಎಂಬ ಕಂಪನಿಯ ಪರೀಕ್ಷೆಯಲ್ಲಿ ಕೆಂಪು ಬಟನ್ ಹಸಿರು ಬಟನ್‌ಗಿಂತ 21% ಹೆಚ್ಚು ಕ್ಲಿಕ್ ತಂದಿತು. ಕೆಂಪೇ ಗೆಲ್ಲುವ ಬಣ್ಣ ಅಂತ ಸುದ್ದಿ ಹಬ್ಬಿತು. ಆ ಪುಟದ ತುಂಬ ಹಸಿರೇ ಇತ್ತು ಅನ್ನೋದನ್ನು ಹಲವರು ನೋಡಲೇ ಇಲ್ಲ. ಕೆಂಪು ತುಂಬಿದ ಪುಟದಲ್ಲಾದರೆ ಹಸಿರಿಗೂ ಆ ಅವಕಾಶ ಸಿಗುತ್ತಿತ್ತೇನೋ.

ಇನ್ನು ಕ್ಲಿಕ್ ಮಾಡಿದವರೆಲ್ಲ ಕೊಳ್ಳುವುದಿಲ್ಲ. ಬಣ್ಣ ಬಾಗಿಲವರೆಗೆ ಕರೆತರುತ್ತದೆ. ಒಳಗೆ ಬೆಲೆ, ಭರವಸೆ, ತುಂಬಬೇಕಾದ ಫಾರ್ಮಿನ ಉದ್ದ ಇವೆಲ್ಲ ಕಾಯುತ್ತಿರುತ್ತವೆ. ಹಾಗಾಗಿ ಲಿಂಕಿನ ಬಣ್ಣ ಬದಲಿಸಿದ ಮೇಲೆ ಕ್ಲಿಕ್ ಏರಿ, ಮಾರಾಟ ಇದ್ದಲ್ಲೇ ಇರಬಹುದು.

ಲೆಕ್ಕದ ತೊಡಕು ಇನ್ನೂ ದೊಡ್ಡದು. ಸಾವಿರಕ್ಕೆ 30 ಜನ ಒತ್ತುತ್ತಿದ್ದ ಲಿಂಕನ್ನು ಬಣ್ಣ ಬದಲಿಸಿದ ಮೇಲೆ 33 ಜನ ಒತ್ತಿದರು ಅಂದುಕೊಳ್ಳಿ. ಇದು ಬಣ್ಣದ ಕೆಲಸವೋ ಸುಮ್ನೆ ಅದೃಷ್ಟವೋ ಅಂತ ಧೈರ್ಯವಾಗಿ ಹೇಳಬೇಕಾದರೆ ಒಂದೊಂದು ಬಣ್ಣವನ್ನೂ ಸುಮಾರು 50,000 ಜನರಿಗೆ ತೋರಿಸಬೇಕು. ಬಣ್ಣಗಳು ಹೆಚ್ಚಿದಷ್ಟೂ ಅಪಾಯ ಜಾಸ್ತಿ. ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದ 40 ಹೋಲಿಕೆ ಮಾಡಿ, ಪ್ರತಿಯೊಂದರಲ್ಲೂ 5% ತಪ್ಪಿಗೆ ಜಾಗ ಬಿಟ್ಟರೆ, ಒಂದಾದರೂ ಸುಳ್ಳು ವಿಜಯಿ ಹುಟ್ಟುವ ಸಾಧ್ಯತೆ 87%ರಷ್ಟು.

ಇದು ತಲೆಗೆ ಹತ್ತಿದ್ದು ನನ್ನದೇ ಪುಟದಲ್ಲಿ. ಒಮ್ಮೆ ಕುತೂಹಲಕ್ಕೆ ಬಂದವರನ್ನು ಎರಡು ಗುಂಪು ಮಾಡಿ, ಇಬ್ಬರಿಗೂ ಒಂದೇ ನೀಲಿ ತೋರಿಸಿದೆ. ಮೂರನೇ ದಿನ ನೋಡಿದರೆ ಒಂದು ನೀಲಿ ಇನ್ನೊಂದು ನೀಲಿಯನ್ನು ಆರಾಮಾಗಿ ಸೋಲಿಸುತ್ತಿತ್ತು.