ತೋಫು ಗರಿಗರಿಯಾಗುವುದು ನೀರಿನಿಂದ

ಎಣ್ಣೆ ಕುಡಿದೀತೆಂದು ಹೆದರಿ, ಸೋಯಾ ಹಾಲು ಒಡೆದು ಮಾಡುವ ಪನೀರಿನಂಥ ತೋಫುವನ್ನು ಸಣ್ಣ ಉರಿಯಲ್ಲಿ ಕರಿಯುವವರನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಬಾಣಲೆಯಲ್ಲಿ ನಡೆಯುವುದು ಅವರೆಣಿಸಿದ್ದಕ್ಕೆ ತದ್ವಿರುದ್ಧ.

ಗಟ್ಟಿ ತೋಫುವಿನಲ್ಲೂ ಸುಮಾರು ಮುಕ್ಕಾಲು ಪಾಲು ನೀರೇ. 180 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಎಣ್ಣೆಗೆ ಬಿಟ್ಟ ತುಂಡಿನ ಸುತ್ತ ಚರಚರ ಎನ್ನುವ ಗುಳ್ಳೆಗಳು ಎಣ್ಣೆ ಕುದಿದು ಬಂದವಲ್ಲ, ಈ ನೀರಿನ ಹಬೆ. ಜನ ದಬದಬನೆ ಇಳಿಯುತ್ತಿರುವ ಬಸ್ಸಿಗೆ ಹತ್ತಲಾಗದಂತೆ, ಹಬೆ ಹೊರನುಗ್ಗುವಷ್ಟು ಹೊತ್ತು ಎಣ್ಣೆಗೆ ಒಳಗೆ ದಾರಿಯಿಲ್ಲ. ಎಣ್ಣೆಯ ಬಹುಪಾಲು ಒಳಸೇರುವುದು ತುಂಡನ್ನು ಹೊರತೆಗೆದ ಮೇಲೆ! ತುಂಡು ಆರುತ್ತಿದ್ದಂತೆ ಹೊರಪದರದ ಸಣ್ಣ ರಂಧ್ರಗಳಲ್ಲಿನ ಹಬೆ ಮತ್ತೆ ನೀರಾಗುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಮೈಗಂಟಿದ ಎಣ್ಣೆಯನ್ನು ಆ ರಂಧ್ರಗಳು ಹೀರಿಕೊಳ್ಳುತ್ತವೆ. ಆದ್ದರಿಂದ ಜಾಲರಿ ಸೌಟಿನಲ್ಲಿ ಎತ್ತಿ, ಬಿಸಿಯಿರುವಾಗಲೇ ಚೆನ್ನಾಗಿ ಕೊಡವಿ, ಒಂದರ ಮೇಲೊಂದು ಪೇರಿಸದೆ ಹರಡಬೇಕು.

ಕರಿಯುವ ಮೊದಲು ತುಂಡುಗಳನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಕಾಲು ಗಂಟೆ ನೆನೆಸಿಡಿ. ನೀರು ತೆಗೆಯಲು ನೀರೇ? ಹೌದು, ಬಿಸಿಗೆ ಪ್ರೋಟೀನಿನ ಬಲೆ ಬಿಗಿದುಕೊಂಡು ಮೇಲ್ಮೈಯ ತೇವವನ್ನು ಹಿಂಡಿಹಾಕುತ್ತದೆ. ಬಟ್ಟೆಯಲ್ಲಿ ಒರೆಸಿ ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ. ಮೈದಾ ಬೇಡ, ಅದರ ಗ್ಲುಟೆನ್ ಜಗಿಯುವಂತಾಗಿಸುತ್ತದೆ. ಪಿಷ್ಟದ ಕಣಗಳು ಉಳಿದ ತೇವ ಹೀರಿ ಉಬ್ಬಿ, ಬಳಿಕ ಒಣಗಿ ಗಾಜಿನ ಸ್ಥಿತಿಗೆ ಬರುತ್ತವೆ. ಹಲ್ಲಿಗೆ ಸಿಕ್ಕಿ ಮುರಿಯುವುದು ಈ ಗಾಜೇ.

ತೋಫು ಕ್ರಿಸ್ತಪೂರ್ವ 2ನೇ ಶತಮಾನದ ಚೀನೀ ರಾಜಕುಮಾರ ಲಿಯು ಆನ್ ಕಂಡುಹಿಡಿದದ್ದೆಂಬ ಕಥೆಯಿದೆ. ಆದರೆ ಅದರ ಹೆಸರು ಬರಹದಲ್ಲಿ ಸಿಗುವುದು ಸಾವಿರ ವರ್ಷಗಳಾಚೆ, 10ನೇ ಶತಮಾನದಲ್ಲಿ. ಸೋಯಾ ಹಾಲನ್ನು ಒಡೆಯಲು ಚೀನೀಯರು ಬಳಸುತ್ತ ಬಂದಿರುವ ಜಿಪ್ಸಂ ಎಂದರೆ ಕ್ಯಾಲ್ಸಿಯಂ ಸಲ್ಫೇಟ್. ‘ಗೋಡೆಗೆ ಬಳಿಯುವ ಪದಾರ್ಥ’ ಎಂದು ಬೆಚ್ಚಬೇಕಿಲ್ಲ. ಆಹಾರಕ್ಕೆಂದೇ ಶುದ್ಧೀಕರಿಸಿದ್ದು ಹೊಟ್ಟೆಗೆ ಕ್ಯಾಲ್ಸಿಯಂ ಕೊಡುತ್ತದೆ.

ಇನ್ನು ಸಿಹಿಹುಳಿ ಸಾಸ್. ಸಕ್ಕರೆ, ಸೋಯಾ ಸಾಸ್, ಟೊಮೆಟೊ ಕೆಚಪ್ ಕುದಿಸಿ, ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್ ಸೇರಿಸಿ. ವಿನೆಗರ್ ಕೊನೆಗಿರಲಿ: ಆಮ್ಲದಲ್ಲಿ ಬಹಳ ಹೊತ್ತು ಕುದಿದರೆ ಪಿಷ್ಟದ ಸರಪಳಿ ತುಂಡಾಗಿ ಸಾಸ್ ನೀರಾಗುತ್ತದೆ. ಸಾಸ್ ಮಂದವಾಗಿದ್ದಷ್ಟೂ ಅದರ ನೀರು ತೋಫುವಿನ ಹೊರಪದರಕ್ಕೆ ಇಳಿಯುವುದು ತಡವಾಗುತ್ತದೆ. ಹಾಗೆಂದು ತಡೆದು ನಿಲ್ಲುವುದಿಲ್ಲ. ಸ್ವಲ್ಪ ತೇವ ತಾಗಿದರೂ ಪಿಷ್ಟದ ಗಾಜು ಮೆತ್ತಗಾಗುತ್ತದೆ. ಎಲ್ಲರೂ ಊಟಕ್ಕೆ ಕುಳಿತ ಮೇಲೆಯೇ ಎರಡನ್ನೂ ಬೆರೆಸಿ.