ನಾನೇ ಅಡ್ಮಿನ್, ಆದ್ರೂ 'ಆಕ್ಸೆಸ್ ಡಿನೈಡ್' ಯಾಕೆ ಬರುತ್ತೆ?

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿದ್ಮೇಲೆ ಹಳೇ ಹಾರ್ಡ್ ಡಿಸ್ಕಲ್ಲಿರೋ ಫೋಲ್ಡರ್ ಓಪನ್ ಆಗ್ತಿಲ್ಲ, ನಂದು ಅಡ್ಮಿನ್ ಅಕೌಂಟೇ. ಯುಎಸಿ (ಯೂಸರ್ ಅಕೌಂಟ್ ಕಂಟ್ರೋಲ್) ಆಫ್ ಮಾಡಿ 'ಎವ್ರಿಒನ್'ಗೆ ಫುಲ್ ಕಂಟ್ರೋಲ್ ಕೊಟ್ಬಿಡಿ ಅಂತಾರೆ, ಮಾಡ್ಲಾ?

ಬೇಡ. ಫೋಲ್ಡರೇನೋ ಓಪನ್ ಆಗ್ಬಹುದು, ಆದ್ರೆ ಒಂದು ಫೋಲ್ಡರಿಗೋಸ್ಕರ ಇಡೀ ಸಿಸ್ಟಮ್ಮೇ ಸಡಿಲ ಆಗ್ಬಿಡುತ್ತೆ.

2007ರಲ್ಲಿ ವಿಸ್ಟಾ ಬಂದಾಗಿಂದ ಅಡ್ಮಿನ್ ಅಕೌಂಟ್ ಇದ್ರೂ ದಿನದ ಕೆಲಸ ಎಲ್ಲಾ ಸಾಮಾನ್ಯ ಯೂಸರ್ ಹಕ್ಕಲ್ಲೇ ನಡೆಯುತ್ತೆ, ಪೂರ್ತಿ ಪವರ್ ಬೇಕು ಅಂದಾಗ ಸ್ಕ್ರೀನ್ ಮಬ್ಬಾಗಿ ಯೆಸ್ಸಾ ನೋನಾ ಅಂತ ಕೇಳುತ್ತಲ್ಲ, ಅದೇ ಯುಎಸಿ. ಅದನ್ನ ಆಫ್ ಮಾಡಿದ್ರೆ ಅಡ್ಮಿನ್ ಪವರ್ ಬೇಕು ಅನ್ನೋ ಯಾವ ಪ್ರೋಗ್ರಾಂಗಾದ್ರೂ, ವೈರಸ್ಸೇ ಆಗಿರ್ಲಿ, ನಿಮ್ಮನ್ನ ಒಂದು ಮಾತೂ ಕೇಳ್ದೆ ಆ ಪವರ್ ಸಿಕ್ಬಿಡುತ್ತೆ. ಅದೂ ಅಲ್ದೆ ನಿಮ್ಮ ತೊಂದ್ರೆ ಇರೋದು ಅಲ್ಲಿ ಅಲ್ವೇ ಅಲ್ಲ.

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಸೆಕ್ಯುರಿಟಿ ಟ್ಯಾಬ್ ನೋಡಿ. ಎಸ್-1-5-21 ಅಂತ ಶುರುವಾಗೋ ಉದ್ದದ ನಂಬರ್ ಕಾಣ್ತಿದ್ಯಾ? ಅದು ನಿಮ್ಮ ಹಳೇ ಅಕೌಂಟು. ವಿಂಡೋಸ್ ಹೆಸರು ನೋಡಲ್ಲ, ಈ ನಂಬರ್ ನೋಡುತ್ತೆ, ಹೊಸ ಇನ್‌ಸ್ಟಾಲಲ್ಲಿ ಅದೇ ಯೂಸರ್‌ನೇಮ್ ಇಟ್ರೂ ನಂಬರ್ ಬೇರೆ ಆಗಿರುತ್ತೆ, ಹಂಗಾಗಿ ಅದರ ಲೆಕ್ಕದಲ್ಲಿ ನೀವು ಯಾರೋ ಬೇರೆಯವರು.

ಎಷ್ಟೋ ಸಲ ಡಬಲ್ ಕ್ಲಿಕ್ ಮಾಡಿದಾಗ ಬರೋ 'ಕಂಟಿನ್ಯೂ' ಒತ್ತಿದ್ರೆ ಸಾಕು (ಅದು ಈ ಸಲಕ್ಕೆ ಮಾತ್ರ ಅಲ್ಲ, ಪರ್ಮಿಷನ್ ಲಿಸ್ಟಲ್ಲಿ ನಿಮ್ಮ ಹೆಸರು ಕಾಯಂ ಸೇರ್ಕೊಳ್ಳುತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ). ಅದಕ್ಕೂ ಬಗ್ಗದಿದ್ರೆ ಅದೇ ಸೆಕ್ಯುರಿಟಿ ಟ್ಯಾಬಲ್ಲಿರೋ ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಪಕ್ಕ ಚೇಂಜ್ ಒತ್ತಿ ನಿಮ್ಮ ಹೆಸರು ಹಾಕಿ, ಒಳಗಿನ ಫೋಲ್ಡರುಗಳಿಗೂ ಅಪ್ಲೈ ಆಗೋ ಟಿಕ್ ಹಾಕಿ, ಓಕೆ ಕೊಟ್ಟು ಕಿಟಕಿ ಮುಚ್ಚಿ ಮತ್ತೆ ತೆಗೆದು ನಿಮ್ಮ ಹೆಸರಿಗೆ ಮಾತ್ರ ಪರ್ಮಿಷನ್ ಕೊಡಿ. ಮುಂಚೆ ಇದ್ದಿದ್ದನ್ನ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಯಾಕಂದ್ರೆ ಇದಕ್ಕೆ ಅಂಡೂ ಬಟನ್ ಇಲ್ಲ.

'ಎವ್ರಿಒನ್' ಯಾಕೆ ಬೇಡ ಅಂದ್ರೆ, ಆ ಕಂಪ್ಯೂಟರಲ್ಲಿ ಲಾಗಿನ್ ಆಗೋ ಯಾರು ಬೇಕಾದ್ರೂ ಆ ಫೈಲ್ ಅಳಿಸ್ಬಹುದು, ಬದಲಾಯಿಸ್ಬಹುದು. ಫೋಲ್ಡರಲ್ಲಿ ಪ್ರೋಗ್ರಾಂ ಇದ್ರಂತೂ ಇನ್ನೂ ಕಷ್ಟ, ಯಾರೋ ಅದನ್ನ ಬದಲಾಯಿಸಿಟ್ಟಿರ್ತಾರೆ, ನೀವು ಗೊತ್ತಿಲ್ದೆ ಅಡ್ಮಿನ್ ಆಗಿ ರನ್ ಮಾಡ್ತೀರ.

ಇದೇ ಆಟ ಸಿ ಡ್ರೈವ್ ಪೂರ್ತಿಗೆ ಮಾತ್ರ ಆಡ್ಬೇಡಿ. ಅಲ್ಲಿನ ಸಿಸ್ಟಮ್ ಫೈಲುಗಳಿಗೆ ಬಹುಪಾಲು 'ಟ್ರಸ್ಟೆಡ್‌ಇನ್‌ಸ್ಟಾಲರ್' (ವಿಂಡೋಸಿನದೇ ಒಂದು ಒಳಗಿನ ಸರ್ವಿಸ್) ಓನರ್, ಅಡ್ಮಿನ್ ಅಲ್ಲ, ಅದು ಬೇಕಂತಲೇ ಹಂಗಿಟ್ಟಿರೋದು.

ಇನ್ನು ಯಾವ್ದೋ ಪ್ರೋಗ್ರಾಂ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ರೆ ಮಾತ್ರ ಓಡುತ್ತೆ ಅಂದ್ರೆ ಅದು ರೋಗ ಗೊತ್ತಾಯ್ತು ಅಂತ ಅಷ್ಟೇ, ದಿನಾ ಹಂಗೇ ಓಡಿಸ್ಬೇಡಿ, ಅದು ಯಾವ ಫೋಲ್ಡರಿಗೆ ಬರೆಯೋಕೆ ಹೋಗ್ತಿದೆ ಅಂತ ಹುಡುಕಿ ಅಲ್ಲಿ ಮಾತ್ರ ಸರಿಮಾಡಿ.

ಹಾಂ, ನಿಮ್ಮ ಹಳೇ ಫೈಲ್ ಐಕಾನ್ ಮೇಲೆ ಪುಟ್ಟ ಬೀಗ ಇದ್ರೆ ಕಥೆ ಬೇರೆ. ಅದು ಎನ್‌ಕ್ರಿಪ್ಟ್ ಆಗಿದೆ, ಅಂದ್ರೆ ಕೀ ಇಲ್ದೆ ಓದೋಕಾಗದಂಗೆ ಮಾಡಿದೆ, ಓನರ್ ಬದಲಾಯಿಸಿದ್ರೂ ತೆರೆಯಲ್ಲ, ಹಳೇ ವಿಂಡೋಸಲ್ಲಿದ್ದ ಸರ್ಟಿಫಿಕೇಟ್ ಅದರ ಕೀ ಸಮೇತ ಎಲ್ಲಾದ್ರೂ ಬ್ಯಾಕಪ್ ಮಾಡಿದ್ರಾ ಅಂತ ಮೊದ್ಲು ಹುಡುಕಿ.